ಕೈಯಲ್ಲೊಂದು ಗಂಟು, ರಿಪೋರ್ಟಿನಲ್ಲಿ 'ಜೀನ್ ಬದಲಾವಣೆ': ಹೆದರುವ ಮೊದಲು ತಿಳಿಯಬೇಕಾದ ವಿಷಯ

ಮುಂಗೈಯ ಒಳಬದಿಯಲ್ಲಿ ಒಂದು ಗಂಟು. ಮೂರು ವಾರದ ಹಿಂದೆ ಇರಲೇ ಇಲ್ಲ, ಈಗ ನೆಲ್ಲಿಕಾಯಿಯಷ್ಟಾಗಿದೆ. ಒತ್ತಿದರೆ ನೋವು. ಮಂಜೇಶ್ವರ, ಉಪ್ಪಳ ಕಡೆಯ ಒಂದು ಮನೆಯಲ್ಲಿ ಇಪ್ಪತ್ತೆಂಟರ ಹುಡುಗನೊಬ್ಬನಿಗೆ ಹೀಗಾಯಿತು ಎಂದಿಟ್ಟುಕೊಳ್ಳಿ. ಉಮ್ಮ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಗೆಳೆಯರು "ಜಿಮ್ಮಲ್ಲಿ ಎಲ್ಲೋ ಉಳುಕಿರ್ಬೇಕು ಬಿಡು" ಅನ್ನುತ್ತಾರೆ. ಗಂಟು ಇನ್ನೂ ಬೆಳೆದಾಗ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು, ಅಲ್ಲಿ ಸೂಜಿ ಚುಚ್ಚಿ ಪರೀಕ್ಷೆ. ನಾಲ್ಕು ದಿನದ ಮೇಲೆ ಬಂದ ರಿಪೋರ್ಟಿನಲ್ಲಿ "ಸ್ಪಿಂಡಲ್ ಸೆಲ್ ಲೀಶನ್, ಸಾರ್ಕೋಮಾ ಇರಬಹುದೇ ಎಂದು ಪರಿಶೀಲಿಸಬೇಕು" ಎಂಬ ಸಾಲು. ಹುಡುಗ ಮೊಬೈಲ್ ತೆಗೆದು ಸಾರ್ಕೋಮಾ ಅಂದರೇನು ಎಂದು ಹುಡುಕುತ್ತಾನೆ. ಕ್ಯಾನ್ಸರ್. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಮತ್ತೆ ಬಯಾಪ್ಸಿ, ಮತ್ತೆ ಹತ್ತು ದಿನದ ಕಾಯುವಿಕೆ. ಈ ಸಲದ ರಿಪೋರ್ಟಿನಲ್ಲಿ ಬರೆದಿರುವುದು "ನೋಡ್ಯುಲರ್ ಫ್ಯಾಸಿಯೈಟಿಸ್, ಯುಎಸ್‌ಪಿ6 ಜೀನ್ ರಿಅರೇಂಜ್‌ಮೆಂಟ್ ಪಾಸಿಟಿವ್". ಡಾಕ್ಟರ್ ನಗುತ್ತಾ "ಇದು ಕ್ಯಾನ್ಸರ್ ಅಲ್ಲ, ಹೆದರ್ಬೇಡಿ" ಅನ್ನುತ್ತಾರೆ. ಆದರೆ ಮನೆಗೆ ಬರುವ ದಾರಿಯಲ್ಲೇ ಹೊಸ ಹೆದರಿಕೆ ಶುರುವಾಗಿರುತ್ತದೆ. ಜೀನ್ ಅಂದರೆ ವಂಶದ್ದಲ್ಲವೇ? ತಂಗಿಗೂ ಬರುತ್ತದೆಯೇ? ಮದುವೆ ಮಾತುಕತೆ ನಡೆಯುತ್ತಿದೆ, ಹೆಣ್ಣಿನ ಕಡೆಯವರಿಗೆ ಹೇಳಬೇಕೇ?

ಇಲ್ಲಿ ಹೇಳಿದ ಹುಡುಗ ಕಲ್ಪನೆಯವನು. ಕಾಯಿಲೆ ಮಾತ್ರ ನಿಜ, ಆ ಪ್ರಶ್ನೆಗಳೂ ನಿಜ. ಅವುಗಳಿಗೆ ವೈದ್ಯಶಾಸ್ತ್ರದಲ್ಲಿ ಈಗ ಸ್ಪಷ್ಟ ಉತ್ತರ ಇದೆ. ಆ ಉತ್ತರ ಸಿಗಲು 50 ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು ಎಂಬುದು ಬೇರೆ ಮಾತು.

ಮೊದಲು ಒಂದು ಲೆಕ್ಕ ಗೊತ್ತಿರಲಿ. ಚರ್ಮದ ಕೆಳಗಿನ ಕೊಬ್ಬು, ಸ್ನಾಯು, ಸ್ನಾಯುರಜ್ಜು, ನಾರಿನ ಪೊರೆ, ರಕ್ತನಾಳ, ನರ ಇವನ್ನೆಲ್ಲ ಸೇರಿಸಿ ಮೃದು ಅಂಗಾಂಶ ಎನ್ನುತ್ತಾರೆ. ಇದರಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಬಹುಪಾಲು ನಿರುಪದ್ರವಿ. ಒಂದು ಕ್ಯಾನ್ಸರ್ ಗಡ್ಡೆ ಇದ್ದರೆ ಸುಮಾರು ನೂರು ಸಾದಾ ಗಡ್ಡೆಗಳು ಇರುತ್ತವೆ ಎಂಬುದು ವೈದ್ಯರು ಸಾಮಾನ್ಯವಾಗಿ ಕೊಡುವ ಅಂದಾಜು. ಮೃದು ಅಂಗಾಂಶದ ಕ್ಯಾನ್ಸರಿಗೆ ಸಾರ್ಕೋಮಾ ಎಂದು ಹೆಸರು. ದೊಡ್ಡವರಲ್ಲಿ ಬರುವ ಎಲ್ಲ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು. ಹಾಗಾಗಿ ಕೈಗೆ ಗಂಟು ಸಿಕ್ಕಿದ ಕೂಡಲೇ ಕೆಟ್ಟದ್ದನ್ನೇ ಯೋಚಿಸಬೇಕಿಲ್ಲ. ಆದರೆ ಆ ನೂರರಲ್ಲಿ ಒಂದನ್ನು ಗುರುತಿಸುವುದೇ ಕಷ್ಟದ ಕೆಲಸ. ಏಕೆಂದರೆ ಕೆಲವು ಸಾದಾ ಗಡ್ಡೆಗಳು ನೋಡಲಿಕ್ಕೆ ಥೇಟ್ ಕ್ಯಾನ್ಸರ್ ಹಾಗೆಯೇ ಇರುತ್ತವೆ.

ಕ್ಯಾನ್ಸರ್ ವೇಷದ ಸಾದಾ ಗಂಟು

ಈ ವೇಷಗಾರರಲ್ಲಿ ಮೊದಲನೆಯದು ನೋಡ್ಯುಲರ್ ಫ್ಯಾಸಿಯೈಟಿಸ್. ಹೆಚ್ಚಾಗಿ 20ರಿಂದ 40 ವರ್ಷದವರಲ್ಲಿ, ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಬರುತ್ತದೆ. ತೋಳು, ಅದರಲ್ಲೂ ಮುಂಗೈಯ ಒಳಬದಿ ಇದಕ್ಕೆ ಇಷ್ಟದ ಜಾಗ. ಮಕ್ಕಳಲ್ಲಿ ತಲೆ, ಕುತ್ತಿಗೆ ಭಾಗದಲ್ಲೂ ಕಾಣುತ್ತದೆ. ಕೆಲವೇ ವಾರಗಳಲ್ಲಿ ಬೆಳೆದುಬಿಡುತ್ತದೆ, ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಆಗಿ ನಿಲ್ಲುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಗಾಬರಿಯಾಗುವಂಥ ನೋಟ. ಉದ್ದನೆಯ ನಾರುಕೋಶಗಳು ಒತ್ತೊತ್ತಾಗಿ, ಎಲ್ಲೆಂದರಲ್ಲಿ ವಿಭಜನೆಯಾಗುತ್ತಿರುತ್ತವೆ. ಗಡ್ಡೆಗೆ ಸರಿಯಾದ ಅಂಚು ಇರುವುದಿಲ್ಲ, ಅಕ್ಕಪಕ್ಕದ ಕೊಬ್ಬಿನೊಳಗೆ ಚಾಚಿಕೊಂಡಿರುತ್ತದೆ. ವೇಗವಾಗಿ ಬೆಳೆಯುವುದು, ಹೆಚ್ಚು ವಿಭಜನೆ, ಅಂಚಿಲ್ಲದಿರುವುದು, ಈ ಮೂರೂ ಪಠ್ಯಪುಸ್ತಕದಲ್ಲಿ ಕ್ಯಾನ್ಸರಿನ ಲಕ್ಷಣ ಎಂದು ಬರೆದಿರುವಂಥದ್ದೇ.

1955ರಲ್ಲಿ ಕಾನ್ವಾಲರ್, ಕೀಸ್ಬೀ ಮತ್ತು ಕಪ್ಲಾನ್ ಎಂಬ ಮೂವರು ಅಮೆರಿಕದ ಪೆಥಾಲಜಿಸ್ಟರು ಈ ಗಂಟನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದರು. ಅವರು ಕೊಟ್ಟ ಹೆಸರಿನಲ್ಲೇ 'ಸಾರ್ಕೋಮಾದಂತೆ ನಟಿಸುವ' ಎಂಬ ಅರ್ಥದ ಪದ ಇತ್ತು. ಅಂಥ ಬರಹ ಬರುವುದಕ್ಕೆ ಮೊದಲು, ಬಂದ ಮೇಲೂ ಎಷ್ಟೋ ಸಲ, ಇದನ್ನು ಕ್ಯಾನ್ಸರ್ ಎಂದೇ ತಿಳಿದು ಬೇಕಾಗಿಲ್ಲದ ದೊಡ್ಡ ಆಪರೇಷನ್‌ಗಳು ನಡೆದಿವೆ. ತಾನಾಗಿ ಇಂಗಿಹೋಗಬಹುದಾಗಿದ್ದ ಗಂಟಿಗೆ ಸ್ನಾಯುವನ್ನೇ ಕಿತ್ತು ತೆಗೆದರೆ ಕೈಯ ಶಕ್ತಿ ಹೋದದ್ದು ಹೋದದ್ದೇ.

ಹೌದು, ತಾನಾಗಿ ಇಂಗಿಹೋಗುತ್ತದೆ. ಇದೇ ಈ ಗಡ್ಡೆಯ ವಿಚಿತ್ರ ಗುಣ. ಹಾಗೇ ಬಿಟ್ಟರೆ ಕೆಲವು ವಾರ, ತಿಂಗಳುಗಳಲ್ಲಿ ಕರಗುವುದುಂಟು. ಪೂರ್ತಿ ತೆಗೆಯದೆ ಸ್ವಲ್ಪ ಉಳಿಸಿದರೂ ಉಳಿದದ್ದು ಮಾಯವಾಗುವುದುಂಟು. ಅದಕ್ಕೇ ಬಹಳ ಕಾಲ ವೈದ್ಯರು ಇದನ್ನು ಗಡ್ಡೆ ಎಂದೇ ಲೆಕ್ಕಕ್ಕೆ ಇಡಲಿಲ್ಲ. ಎಲ್ಲೋ ಪೆಟ್ಟು ಬಿದ್ದದ್ದಕ್ಕೆ ದೇಹ ಅತಿಯಾಗಿ ಪ್ರತಿಕ್ರಿಯಿಸಿದೆ, ಗಾಯ ಮಾಯುವ ಕೆಲಸ ಹದ್ದು ಮೀರಿದೆ, ಅಷ್ಟೇ ಎಂದುಕೊಂಡರು. ಹೆಸರಿನ ಕೊನೆಯಲ್ಲಿರುವ 'ಐಟಿಸ್' ಎಂಬುದು ಉರಿಯೂತಕ್ಕೆ ಹೇಳುವ ಮಾತು, ಆ ಹಳೆಯ ನಂಬಿಕೆಯ ಗುರುತು.

ವೈರ್ ಎಲ್ಲಿಂದ ಎಲ್ಲಿಗೆ

ಇಲ್ಲಿ ಸ್ವಲ್ಪ ಜೀವಕೋಶದ ಒಳಗೆ ಇಣುಕಬೇಕು. ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬಹುದು. ನಮ್ಮ ಪ್ರತಿ ಕೋಶದಲ್ಲಿ 23 ಜೋಡಿ, ಅಂದರೆ 46 ಕ್ರೋಮೋಸೋಮ್‌ಗಳಿವೆ. ಡಿಎನ್‌ಎಯ ಉದ್ದನೆಯ ಎಳೆಯನ್ನು ಸುತ್ತಿಟ್ಟ ಕಟ್ಟುಗಳು ಅವು. ಆ ಎಳೆಯ ಮೇಲೆ ಸಾಲಾಗಿ ಜೀನ್‌ಗಳು ಕೂತಿರುತ್ತವೆ. ಪ್ರತಿ ಜೀನ್‌ಗೂ ಎರಡು ಭಾಗ: ಯಾವ ಪ್ರೋಟೀನ್ ತಯಾರಾಗಬೇಕು ಎಂದು ಹೇಳುವ ಭಾಗ, ಮತ್ತು ಯಾವಾಗ, ಎಷ್ಟು ತಯಾರಾಗಬೇಕು ಎಂದು ತೀರ್ಮಾನಿಸುವ ಸ್ವಿಚ್.

ಕೋಶ ಎರಡಾಗುವಾಗ ಈ ಎಳೆಗಳು ಅಪರೂಪಕ್ಕೊಮ್ಮೆ ತುಂಡಾಗುವುದುಂಟು. ಕೋಶದೊಳಗೆ ರಿಪೇರಿ ವ್ಯವಸ್ಥೆಯೂ ಇದೆ, ತುಂಡುಗಳನ್ನು ಮತ್ತೆ ಬೆಸೆಯುತ್ತದೆ. ಆದರೆ ಒಂದೇ ಹೊತ್ತಿಗೆ ಎರಡು ಕಡೆ ತುಂಡಾಗಿದ್ದರೆ ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಸೇರಿಬಿಡಬಹುದು. ಇದಕ್ಕೇ ರಿಅರೇಂಜ್‌ಮೆಂಟ್, ಅಂದರೆ ಮರುಜೋಡಣೆ ಎನ್ನುವುದು. ಹೀಗೆ ಬೆಸೆದುಕೊಂಡ ಎರಡು ಜೀನ್‌ಗಳಿಗೆ ಫ್ಯೂಶನ್ ಜೀನ್ ಎಂದು ಹೆಸರು.

ಮನೆಯ ವೈರಿಂಗ್ ಕೆಲಸ ಗೊತ್ತಿದ್ದವರಿಗೆ ಮುಂದಿನದು ಸುಲಭ. 22ನೇ ಕ್ರೋಮೋಸೋಮ್‌ನಲ್ಲಿ ಎಂವೈಎಚ್9 ಎಂಬ ಜೀನ್ ಇದೆ. ಕೋಶದ ಆಕಾರ, ಚಲನೆಗೆ ಬೇಕಾದ ಮಯೋಸಿನ್ ಎಂಬ ಪ್ರೋಟೀನನ್ನು ಇದು ತಯಾರಿಸುತ್ತದೆ. ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇದರ ಸ್ವಿಚ್ ಯಾವಾಗಲೂ ಆನ್. ರಾತ್ರಿಯಿಡೀ ಉರಿಯುವ ಪ್ಯಾಸೇಜ್ ಲೈಟಿನ ಹಾಗೆ. 17ನೇ ಕ್ರೋಮೋಸೋಮ್‌ನಲ್ಲಿ ಯುಎಸ್‌ಪಿ6 ಎಂಬ ಜೀನ್ ಇದೆ. ಇದು ಸಾಮಾನ್ಯವಾಗಿ ವೃಷಣದ ಅಂಗಾಂಶದಲ್ಲಿ ಬಿಟ್ಟರೆ ಬೇರೆಲ್ಲೂ ಹೆಚ್ಚು ಕೆಲಸ ಮಾಡುವುದಿಲ್ಲ, ಕೈಯ ನಾರುಕೋಶದಲ್ಲಿ ಇದರ ಸ್ವಿಚ್ ಆಫ್. ಎರಡೂ ಕಡೆ ಎಳೆ ತುಂಡಾಗಿ ತಪ್ಪು ಬೆಸುಗೆ ಬಿದ್ದಾಗ ಪ್ಯಾಸೇಜ್ ಲೈಟಿನ ವೈರು ಬಂದು ಯುಎಸ್‌ಪಿ6ಗೆ ಸೇರುತ್ತದೆ. ಆಫ್ ಇರಬೇಕಾದದ್ದು ಹಗಲು ರಾತ್ರಿ ಉರಿಯಲು ಶುರು ಮಾಡುತ್ತದೆ.

ಯುಎಸ್‌ಪಿ6 ಮಾಡುವುದೇನು? ಕೋಶ ತನಗೆ ಬೇಡವಾದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. ಚೀಟಿ ಇದ್ದದ್ದು ಕಸಕ್ಕೆ. ಯುಎಸ್‌ಪಿ6 ಆ ಚೀಟಿಯನ್ನು ಕಿತ್ತುಹಾಕುವ ಕಿಣ್ವ. ಕಸಕ್ಕೆ ಹೋಗಬೇಕಾದವು ಉಳಿದುಕೊಂಡರೆ ಬೆಳವಣಿಗೆ, ಉರಿಯೂತದ ಸಂದೇಶಗಳು ನಿಲ್ಲದೆ ಓಡಾಡುತ್ತವೆ, ಕೋಶ ಒಂದೇ ಸಮನೆ ಎರಡು ನಾಲ್ಕಾಗುತ್ತದೆ. ಅದೇ ಗಂಟು. ಇನ್ನೊಂದು ಕುತೂಹಲದ ಸಂಗತಿ: ಯುಎಸ್‌ಪಿ6 ಎಂಬ ಜೀನ್ ಮನುಷ್ಯ ಮತ್ತು ಅವನಿಗೆ ಹತ್ತಿರದ ವಾನರಗಳಲ್ಲಿ ಮಾತ್ರ ಇದೆ. ಲ್ಯಾಬಿನ ಇಲಿಯಲ್ಲಿ ಇಲ್ಲ.

ಈ ವಿಷಯ ಗೊತ್ತಾದದ್ದು 2011ರಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಆಂಡ್ರೆ ಒಲಿವೇರಾ ಮತ್ತು ಸಂಗಡಿಗರು ನೋಡ್ಯುಲರ್ ಫ್ಯಾಸಿಯೈಟಿಸ್ ಗಂಟುಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತರಷ್ಟರಲ್ಲಿ ಯುಎಸ್‌ಪಿ6 ತುಂಡಾಗಿ ಬೇರೆಲ್ಲೋ ಸೇರಿಕೊಂಡಿತ್ತು. ಹೆಚ್ಚಿನವುಗಳಲ್ಲಿ ಜೊತೆಗಾರ ಎಂವೈಎಚ್9. ಇದೇ ತಂಡಕ್ಕೆ ಯುಎಸ್‌ಪಿ6 ಹೊಸತಾಗಿರಲಿಲ್ಲ. 2004ರಲ್ಲಿ ಮೂಳೆಯೊಳಗೆ ರಕ್ತ ತುಂಬಿ ಉಬ್ಬುವ ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಎಂಬ ತೊಂದರೆಯಲ್ಲೂ ಒಲಿವೇರಾ ಮತ್ತು ಜೊತೆಗಾರರು ಇದೇ ಜೀನನ್ನು ಕಂಡಿದ್ದರು. ಅಲ್ಲಿ ವೈರು ಬಂದದ್ದು 16ನೇ ಕ್ರೋಮೋಸೋಮ್‌ನಿಂದ. ಮೂಳೆಯ ತೊಂದರೆ, ಮುಂಗೈಯ ಗಂಟು, ಪೆಟ್ಟು ಬಿದ್ದ ಸ್ನಾಯುವಿನಲ್ಲಿ ಮೂಳೆಯಂತೆ ಗಟ್ಟಿಯಾಗುವ ಮಯೋಸೈಟಿಸ್ ಆಸಿಫಿಕನ್ಸ್, ಹೊರಗಿನಿಂದ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುವ ಇವೆಲ್ಲ ಒಂದೇ ಕುಟುಂಬದವು ಎಂದು ಆಮೇಲೆ ತಿಳಿಯಿತು.

ಗಾಯದ ಪ್ರತಿಕ್ರಿಯೆ ಆಗಿದ್ದರೆ ಎಲ್ಲ ಕೋಶಗಳಲ್ಲೂ ಒಂದೇ ತಪ್ಪು ಬೆಸುಗೆ ಇರಲು ಸಾಧ್ಯವಿಲ್ಲ. ಒಂದೇ ಬೆಸುಗೆ ಇದೆ ಎಂದರೆ ಅವೆಲ್ಲ ಒಂದೇ ತಾಯಿಕೋಶದ ಮಕ್ಕಳು, ಅಂದರೆ ಇದು ನಿಜವಾದ ಗಡ್ಡೆಯೇ. ಆದರೂ ತಾನಾಗಿ ಸಾಯುತ್ತದೆ. ಈ ಜಾತಿಗೆ ಸಂಶೋಧಕರು 'ತಾತ್ಕಾಲಿಕ ಗಡ್ಡೆ' ಎಂಬ ಅರ್ಥದ ಹೆಸರಿಟ್ಟರು. ಆನ್ ಆದ ಸ್ವಿಚ್ ಇದ್ದೂ ಗಡ್ಡೆ ಏಕೆ ನಿಲ್ಲುತ್ತದೆ, ಏಕೆ ಕರಗುತ್ತದೆ ಎಂಬುದಕ್ಕೆ ಪೂರ್ಣ ಉತ್ತರ ವಿಜ್ಞಾನಕ್ಕೇ ಇನ್ನೂ ಸಿಕ್ಕಿಲ್ಲ.

ಜೀನ್ ಬದಲಾದರೆ ಕ್ಯಾನ್ಸರ್ ಎಂದು ಅರ್ಥವೇ?

ಅಲ್ಲ. ಈ ತಪ್ಪು ತಿಳಿವಳಿಕೆಗೆ ಒಂದು ಕಾರಣವೂ ಇದೆ. ಕ್ರೋಮೋಸೋಮ್ ಬದಲಾವಣೆ ಮತ್ತು ಕಾಯಿಲೆಯ ನಂಟು ಮೊದಲು ಗಟ್ಟಿಯಾಗಿ ಕಂಡದ್ದು ರಕ್ತದ ಕ್ಯಾನ್ಸರಿನಲ್ಲಿ. 1960ರಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಎಂಬವರು ಫಿಲಡೆಲ್ಫಿಯಾದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ ಪುಟ್ಟದೊಂದು ವಿಚಿತ್ರ ಕ್ರೋಮೋಸೋಮ್ ಕಂಡರು. 1973ರಲ್ಲಿ ಜಾನೆಟ್ ರೌಲಿ ಅದು 9 ಮತ್ತು 22ನೇ ಕ್ರೋಮೋಸೋಮ್‌ಗಳ ನಡುವಿನ ಅದಲುಬದಲು ಎಂದು ತೋರಿಸಿದರು. ಅಲ್ಲಿಂದ ಮುಂದೆ ಮರುಜೋಡಣೆ ಎಂದರೆ ಕ್ಯಾನ್ಸರ್ ಎಂಬ ಭಾವನೆ ಬೇರೂರಿತು.

1980ರ ದಶಕದಲ್ಲಿ ಆ ಭಾವನೆಗೆ ಪೆಟ್ಟು ಬಿತ್ತು. ಎಲ್ಲರಿಗೂ ಪರಿಚಯದ ಕೊಬ್ಬಿನ ಗಂಟು, ಲಿಪೋಮಾ, ಅದರಲ್ಲೂ 12ನೇ ಕ್ರೋಮೋಸೋಮ್‌ನ ಒಂದು ನಿಶ್ಚಿತ ಜಾಗ ತುಂಡಾಗಿರುವುದು ಮತ್ತೆ ಮತ್ತೆ ಕಂಡಿತು. 1995ರಲ್ಲಿ ಆ ಜಾಗದ ಜೀನ್ ಯಾವುದೆಂದು ಗೊತ್ತಾಯಿತು. ಈಗ ಅದರ ಹೆಸರು ಎಚ್‌ಎಂಜಿಎ2. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಇದು ಭರದಿಂದ ಕೆಲಸ ಮಾಡುತ್ತದೆ, ಹುಟ್ಟಿ ದೊಡ್ಡವರಾದ ಮೇಲೆ ಮಲಗಿಬಿಡುತ್ತದೆ. ಮರುಜೋಡಣೆಯಲ್ಲಿ ಅದು ಮತ್ತೆ ಎದ್ದರೆ ಕೊಬ್ಬಿನ ಕೋಶಗಳು ಹೆಚ್ಚುತ್ತವೆ. ಅಷ್ಟೇ. ಬೆನ್ನಿನ ಮೇಲೆ, ಭುಜದ ಮೇಲೆ ಹತ್ತಾರು ವರ್ಷದಿಂದ ಮೆತ್ತನೆಯ ಗಂಟು ಇಟ್ಟುಕೊಂಡು ಓಡಾಡುವ ಎಷ್ಟೋ ಹಿರಿಯರ ಆ ಗಂಟಿನೊಳಗೆ ಒಂದು ಜೀನ್ ಮರುಜೋಡಣೆ ಇದ್ದಿರಬಹುದು, ಅವರಿಗೆ ಅದರ ಸುದ್ದಿಯೇ ಇಲ್ಲ.

ಕ್ಯಾನ್ಸರ್ ಆಗಬೇಕಾದರೆ ಸಾಮಾನ್ಯವಾಗಿ ಒಂದು ಬದಲಾವಣೆ ಸಾಲದು. ಬೆಳೆಯುವ ಸ್ವಿಚ್ ಆನ್ ಆಗಬೇಕು, ತಡೆಯುವ ಬ್ರೇಕ್ ಮುರಿಯಬೇಕು, ಹಾಳಾದ ಕೋಶ ಸಾಯುವ ಏರ್ಪಾಡು ಕೆಡಬೇಕು, ಬೇರೆ ಜಾಗಕ್ಕೆ ಹೋಗಿ ನೆಲೆಯೂರುವ ಸಾಮರ್ಥ್ಯ ಬರಬೇಕು. ಸಾದಾ ಗಡ್ಡೆಯಲ್ಲಿ ಮೊದಲನೆಯದು ಮಾತ್ರ ಆಗಿರುತ್ತದೆ, ಬ್ರೇಕ್ ಸರಿಯಾಗೇ ಇರುತ್ತದೆ.

ತಂಗಿಗೆ ಬರುತ್ತದೆಯೇ, ಮಕ್ಕಳಿಗೆ ಬರುತ್ತದೆಯೇ?

ಬಾರದು. ನಮ್ಮ ಮನೆಗಳಲ್ಲಿ ಹೆಚ್ಚು ಸಂಕಟ ಕೊಡುವುದು ಇದೇ ಪ್ರಶ್ನೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಜೀನ್ ಬದಲಾವಣೆಯಲ್ಲಿ ಎರಡು ಬಗೆ. ಒಂದು, ತಂದೆ ತಾಯಿಯಿಂದ ಬಂದದ್ದು. ಅದು ಹುಟ್ಟುವಾಗಲೇ ದೇಹದ ಪ್ರತಿ ಕೋಶದಲ್ಲೂ ಇರುತ್ತದೆ, ಮಕ್ಕಳಿಗೂ ದಾಟಬಹುದು. ತಲಸ್ಸೇಮಿಯಾ ಅಂಥದ್ದು. ಇನ್ನೊಂದು, ಹುಟ್ಟಿದ ಮೇಲೆ ಎಂದೋ ಒಂದು ದಿನ, ದೇಹದ ಯಾವುದೋ ಮೂಲೆಯ ಒಂದೇ ಒಂದು ಕೋಶದಲ್ಲಿ ಆದದ್ದು. ಅದು ಆ ಕೋಶದ ಮರಿಗಳಲ್ಲಿ, ಅಂದರೆ ಆ ಗಂಟಿನಲ್ಲಿ ಮಾತ್ರ ಇರುತ್ತದೆ. ಅದೇ ವ್ಯಕ್ತಿಯ ರಕ್ತ ತೆಗೆದು ನೋಡಿದರೆ ಸಿಗುವುದಿಲ್ಲ. ವೀರ್ಯದಲ್ಲಿ, ಅಂಡದಲ್ಲಿ ಇಲ್ಲ. ಆದ್ದರಿಂದ ಮಕ್ಕಳಿಗೆ ದಾಟುವ ದಾರಿಯೇ ಇಲ್ಲ. ನೋಡ್ಯುಲರ್ ಫ್ಯಾಸಿಯೈಟಿಸ್‌ನ ಯುಎಸ್‌ಪಿ6 ಬದಲಾವಣೆ ಎರಡನೇ ಬಗೆಯದು. ರಿಪೋರ್ಟ್ ನೋಡಿ ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಬೇಕಿಲ್ಲ. ಇನ್ನೊಬ್ಬರಿಗೆ ಅಂಟುವ ಮಾತಂತೂ ಇಲ್ಲವೇ ಇಲ್ಲ. ಇದನ್ನು ನೆಪ ಮಾಡಿ ಯಾರದ್ದಾದರೂ ಮದುವೆ ಸಂಬಂಧ ಮುರಿದರೆ ಅದು ಅನ್ಯಾಯ.

ಇಂಟರ್‌ನೆಟ್ ಇಲ್ಲಿ ಇನ್ನಷ್ಟು ಗೊಂದಲ ಮಾಡುತ್ತದೆ. ರಿಪೋರ್ಟಿನಲ್ಲಿ ಎಂವೈಎಚ್9 ಎಂದು ಕಂಡು ಅದನ್ನೇ ಹುಡುಕಿದರೆ ಮೊದಲಿಗೆ ಬರುವುದು ಪ್ಲೇಟ್‌ಲೆಟ್ ಕಡಿಮೆಯಾಗುವ, ಕಿವಿ ಮಂದವಾಗುವ, ಕಿಡ್ನಿ ಕೆಡುವ ಒಂದು ವಂಶಪಾರಂಪರ್ಯ ಕಾಯಿಲೆಯ ಪುಟಗಳು. ಅದು ಅದೇ ಜೀನ್‌ನಲ್ಲಿ ಹುಟ್ಟಿನಿಂದ ಇರುವ ಬೇರೆಯೇ ದೋಷ. ಗಂಟಿನ ಫ್ಯೂಶನ್‌ಗೂ ಅದಕ್ಕೂ ಸಂಬಂಧವಿಲ್ಲ. ಜೀನ್ ಹೆಸರು ಒಂದೇ ಇದ್ದ ಮಾತ್ರಕ್ಕೆ ಕಾಯಿಲೆ ಒಂದೇ ಆಗುವುದಿಲ್ಲ.

ಕೆಲವರು ರಕ್ತಸಂಬಂಧದ ಮದುವೆಯಿಂದ ಹೀಗಾಯಿತೇ ಎಂದೂ ಕೇಳುವುದುಂಟು. ರಕ್ತಸಂಬಂಧದ ಮದುವೆಯ ತೊಂದರೆಗಳು ಮೊದಲ ಬಗೆಗೆ, ಅಂದರೆ ಹುಟ್ಟಿನಿಂದ ಬರುವ ದೋಷಗಳಿಗೆ ಸೇರಿದವು. ಒಂದು ಕೋಶದಲ್ಲಿ ಆಕಸ್ಮಿಕವಾಗಿ ಆದ ಬೆಸುಗೆಗೆ ಅದು ಕಾರಣವಲ್ಲ.

ಬಣ್ಣದ ಚುಕ್ಕೆಗಳ ಪರೀಕ್ಷೆ

ಮರುಜೋಡಣೆ ಹುಡುಕಲು ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗೆ ಫಿಶ್ ಎಂದು ಹೆಸರು. ಮೀನಿಗೂ ಇದಕ್ಕೂ ಸಂಬಂಧ ಇಲ್ಲ, ಉದ್ದ ಹೆಸರಿನ ಮೊದಲಕ್ಷರಗಳು ಅಷ್ಟೇ. ಬಯಾಪ್ಸಿ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿ, ಆಮೇಲೆ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿರುತ್ತಾರೆ. ಅದರಿಂದ ಕೂದಲಿಗಿಂತ ತೆಳುವಾದ ಪದರ ಕೊಯ್ದು, ಯುಎಸ್‌ಪಿ6 ಜೀನ್‌ನ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಹೊಳೆಯುವ ಬಣ್ಣ ಅಂಟಿಸುತ್ತಾರೆ. ಜೀನ್ ಸರಿಯಾಗಿದ್ದರೆ ಎರಡು ಬಣ್ಣ ಒತ್ತಿಗೊತ್ತಿ ಹಳದಿಯಂತೆ ಕಾಣುತ್ತದೆ. ನಡುವೆ ತುಂಡಾಗಿದ್ದರೆ ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ. ಪೆಥಾಲಜಿಸ್ಟ್ ಕೂತು ಒಂದೊಂದೇ ಕೋಶ ಎಣಿಸುತ್ತಾರೆ. ತುಂಡಾಗಿದೆ ಎಂದು ಇದು ಹೇಳುತ್ತದೆ, ಆದರೆ ಯಾರ ಜೊತೆ ಸೇರಿದೆ ಎಂದು ಹೇಳುವುದಿಲ್ಲ. ಅದು ಬೇಕಾದರೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಎಂಬ ಇನ್ನೂ ದುಬಾರಿ ಪರೀಕ್ಷೆ ಇದೆ.

ಇಂಥ ಪರೀಕ್ಷೆ ಎಲ್ಲ ಆಸ್ಪತ್ರೆಯಲ್ಲಿ ಇರುವುದಿಲ್ಲ. ಆದರೆ ಕಾಸರಗೋಡಿನ ರೋಗಿಯೇ ಮುಂಬೈಗೋ ಬೆಂಗಳೂರಿಗೋ ಹೋಗಬೇಕೆಂದಿಲ್ಲ. ಮೇಣದ ಬ್ಲಾಕ್ ಹೋದರೆ ಸಾಕು, ಕೊರಿಯರ್‌ನಲ್ಲಿ ಹೋಗುತ್ತದೆ. ಎಲ್ಲ ಗಂಟಿಗೂ ಈ ಪರೀಕ್ಷೆ ಬೇಕೆಂದೂ ಇಲ್ಲ. ಅನುಭವಿ ಪೆಥಾಲಜಿಸ್ಟ್ ಸ್ಲೈಡ್ ನೋಡಿಯೇ ಎಷ್ಟೋ ಸಲ ಹೇಳಬಲ್ಲರು. ಅನುಮಾನ ಉಳಿದಾಗ, ಸೂಜಿಯಲ್ಲಿ ಸಿಕ್ಕ ತುಂಡು ತೀರಾ ಚಿಕ್ಕದಾಗಿದ್ದಾಗ, ಇಲ್ಲವೇ ಮುಖ, ಕುತ್ತಿಗೆಯಂಥ ಆಪರೇಷನ್ ಕಷ್ಟದ ಜಾಗದಲ್ಲಿ ಗಂಟು ಇದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಇನ್ನೂ ಕೆಲವರು ಇದೇ ಗುಂಪಿನವರು

ಮೊಣಕಾಲು ಪದೇ ಪದೇ ಊದಿಕೊಳ್ಳುತ್ತದೆ, ನೀರು ತೆಗೆದರೆ ಮತ್ತೆ ತುಂಬುತ್ತದೆ, ಯೂರಿಕ್ ಆಸಿಡ್ ನಾರ್ಮಲ್, ವಾತದ ಮಾತ್ರೆಗೆ ಬಗ್ಗುವುದಿಲ್ಲ. ಇಂಥ ಯುವಕರಲ್ಲಿ ಕೆಲವರಿಗೆ ಇರುವುದು ಟೆನೋಸೈನೋವಿಯಲ್ ಜಯಂಟ್ ಸೆಲ್ ಟ್ಯೂಮರ್. ಕೀಲಿನ ಒಳಪದರದಲ್ಲಿ ಬೆಳೆಯುವ ಗಡ್ಡೆ ಇದು. ಬೆರಳಿನಲ್ಲಿ ಬಂದರೆ ಸಣ್ಣ ಗಂಟು, ಮೊಣಕಾಲಿನಲ್ಲಿ ಬಂದರೆ ಇಡೀ ಕೀಲನ್ನು ಆವರಿಸಬಹುದು. 2006ರಲ್ಲಿ ಇದರ ಗುಟ್ಟು ಹೊರಬಿತ್ತು. 1ನೇ ಕ್ರೋಮೋಸೋಮ್‌ನ ಸಿಎಸ್‌ಎಫ್1 ಎಂಬ ಜೀನ್, 2ನೇ ಕ್ರೋಮೋಸೋಮ್‌ನ ಒಂದು ಕೊಲಾಜೆನ್ ಜೀನ್‌ಗೆ ಸೇರಿ ಅತಿಯಾಗಿ ಕೆಲಸ ಮಾಡುತ್ತಿರುತ್ತದೆ.

ಇದರಲ್ಲಿ ಮಜಾ ಏನೆಂದರೆ ಗಡ್ಡೆಯ ಕೋಶಗಳಲ್ಲಿ ನೂರಕ್ಕೆ 2ರಿಂದ 16ರಷ್ಟರಲ್ಲಿ ಮಾತ್ರ ಆ ಬದಲಾವಣೆ ಇರುತ್ತದೆ. ಉಳಿದವೆಲ್ಲ ಕರೆಸಿಕೊಂಡು ಬಂದ ನೆಂಟರು. ಸಿಎಸ್‌ಎಫ್1 ಎಂಬುದು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳನ್ನು ಕರೆಯುವ ಸಂದೇಶ. ಮದುವೆ ಮನೆಯಲ್ಲಿ ಮೈಕ್ ಹಿಡಿದವರು ನಾಲ್ಕೇ ಮಂದಿ, ಅಂಗಳ ತುಂಬಾ ಜನ ಎಂಬ ಹಾಗೆ. ಮೈಕ್ ಆಫ್ ಮಾಡಿದರೆ ಜನ ಚದುರುತ್ತಾರಲ್ಲವೇ, ಅದೇ ಯೋಚನೆಯಲ್ಲಿ ಔಷಧವೂ ತಯಾರಾಯಿತು. ಆ ಸಂದೇಶವನ್ನು ತಡೆಯುವ ಪೆಕ್ಸಿಡಾರ್ಟಿನಿಬ್ ಎಂಬ ಗುಳಿಗೆಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು, ಆಪರೇಷನ್‌ನಿಂದ ಪ್ರಯೋಜನವಾಗದ ಗಂಭೀರ ಸ್ಥಿತಿಯವರಿಗೆ ಮಾತ್ರ. ಲಿವರಿಗೆ ದೊಡ್ಡ ಹಾನಿ ಆಗಬಹುದೆಂಬ ಎಚ್ಚರಿಕೆ ಅದರ ಜೊತೆಗೇ ಇದೆ. ಸಾದಾ ಗಡ್ಡೆಗೆ ಅಷ್ಟು ಅಪಾಯದ ಔಷಧ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಡೆಯಲಾಗದಷ್ಟು ಮೊಣಕಾಲು ಕೆಟ್ಟವನ ಉತ್ತರ ಬೇರೆ ಇರಬಹುದು.

ಪುಟ್ಟ ಮಕ್ಕಳಲ್ಲಿ, ಹೆಚ್ಚಾಗಿ ಮೂರು ವರ್ಷದೊಳಗೆ, ಬೇಗ ಬೆಳೆಯುವ ಕೊಬ್ಬಿನ ಗಡ್ಡೆ ಬಂದರೆ ಅದು ಲಿಪೋಬ್ಲಾಸ್ಟೋಮಾ ಆಗಿರಬಹುದು. ಇಲ್ಲಿ 8ನೇ ಕ್ರೋಮೋಸೋಮ್‌ನ ಪಿಎಲ್‌ಎಜಿ1 ಜೀನ್‌ಗೆ ತಪ್ಪು ವೈರು ಸೇರಿರುತ್ತದೆ. ತೆಗೆದರೆ ಸಾಕು, ಆದರೆ ಪೂರ್ತಿ ತೆಗೆಯದಿದ್ದರೆ ಮತ್ತೆ ಬರಬಹುದು. ಮಗುವಿಗೆ ಕ್ಯಾನ್ಸರ್ ಎಂದು ಕಂಗಾಲಾದ ತಂದೆ ತಾಯಿಗೆ ಈ ಜೀನ್ ಹೆಸರು ಸಮಾಧಾನದ ಸುದ್ದಿ.

ಎಚ್ಚರಿಕೆಯ ಮಾತೂ ಇದೆ

ಇಷ್ಟು ಓದಿ ಮರುಜೋಡಣೆ ಎಂದರೆ ಎಲ್ಲವೂ ನಿರುಪದ್ರವಿ ಎಂದುಕೊಂಡರೆ ಅದೂ ತಪ್ಪು. ಇಡಬ್ಲ್ಯುಎಸ್‌ಆರ್1 ಎಂಬ ಜೀನ್ ಇದೆ. ಅದು ಸಿಆರ್‌ಇಬಿ1 ಅಥವಾ ಎಟಿಎಫ್1 ಜೊತೆ ಸೇರಿದ ಫ್ಯೂಶನ್, ಅಪರೂಪಕ್ಕಷ್ಟೇ ಹರಡುವ ಒಂದು ಗಡ್ಡೆಯಲ್ಲೂ ಸಿಗುತ್ತದೆ, ಕ್ಲಿಯರ್ ಸೆಲ್ ಸಾರ್ಕೋಮಾ ಎಂಬ ಕೆಟ್ಟ ಕ್ಯಾನ್ಸರಿನಲ್ಲೂ ಸಿಗುತ್ತದೆ. ಲಿಪೋಮಾದಲ್ಲಿ ತುಂಡಾಗುವ 12ನೇ ಕ್ರೋಮೋಸೋಮ್‌ನ ಪಕ್ಕದ ಓಣಿಯಲ್ಲೇ ಎಂಡಿಎಂ2 ಎಂಬ ಜೀನ್ ಇದೆ. ಅದರ ಪ್ರತಿಗಳು ಎರಡರ ಬದಲು ಹತ್ತಾರು ಆಗಿದ್ದರೆ ಅದು ಸಾದಾ ಲಿಪೋಮಾ ಅಲ್ಲ, ಕೊಬ್ಬಿನ ಕ್ಯಾನ್ಸರ್ ಗುಂಪಿನದು. ಅದಕ್ಕೇ ಜೀನ್ ಹೆಸರೊಂದನ್ನೇ ಹಿಡಿದು ತೀರ್ಮಾನ ಮಾಡುವಂತಿಲ್ಲ. ಗಂಟಿನ ಜಾಗ, ವಯಸ್ಸು, ಎಂಆರ್‌ಐ, ಸ್ಲೈಡಿನ ನೋಟ, ಜೀನ್ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಇಟ್ಟು ಓದಬೇಕು. ಅದು ಪೆಥಾಲಜಿಸ್ಟ್ ಕೆಲಸ, ವಾಟ್ಸ್‌ಆ್ಯಪ್ ಗ್ರೂಪಿನದ್ದಲ್ಲ.

ಗಂಟು ಐದು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಬೆಳೆಯುತ್ತಲೇ ಇದ್ದರೆ, ಸ್ನಾಯುವಿನ ಆಳದಲ್ಲಿ ಗಟ್ಟಿಯಾಗಿ ಕೂತಿದ್ದರೆ, ನೋವಿದ್ದರೆ, ತೆಗೆದ ಮೇಲೆ ಮತ್ತೆ ಬಂದರೆ ತಡ ಮಾಡಬಾರದು. ನೋಡ್ಯುಲರ್ ಫ್ಯಾಸಿಯೈಟಿಸ್ ಕೂಡ ವೇಗವಾಗಿ ಬೆಳೆಯುತ್ತದೆ, ನೋಯುತ್ತದೆ. ಆದ್ದರಿಂದ "ಇದು ಆ ಕರಗುವ ಗಂಟೇ ಇರಬೇಕು" ಎಂದು ಮನೆಯಲ್ಲೇ ಕೂತು ನಿರ್ಧರಿಸುವುದು ಅಪಾಯ. ತಿಕ್ಕುವುದು, ಬಿಸಿ ಕಾಯಿಸುವುದು ಯಾವ ಗಂಟಿಗೂ ಔಷಧವಲ್ಲ.

ಇನ್ನೊಂದು ತಪ್ಪು ನಡೆಯುವುದು ಸಣ್ಣ ಕ್ಲಿನಿಕ್‌ಗಳಲ್ಲಿ. ಗಂಟು ತಾನೇ ಎಂದು ಕುಯ್ದು ತೆಗೆದು, ಪರೀಕ್ಷೆಗೆ ಕಳಿಸದೆ ಬಕೆಟ್ಟಿಗೆ ಎಸೆಯುವುದು. ರೋಗಿಯ ಕಡೆಯವರೂ ನಾಲ್ಕು ಕಾಸು ಉಳಿಯಿತು ಎಂದು ಸುಮ್ಮನಿರುತ್ತಾರೆ. ಅದು ಸಾರ್ಕೋಮಾ ಆಗಿದ್ದರೆ ಕೋಶಗಳು ಸುತ್ತಲೂ ಚೆಲ್ಲಿರುತ್ತವೆ, ಏನು ತೆಗೆದರು ಎಂದು ಹೇಳಲು ತುಂಡೂ ಉಳಿದಿರುವುದಿಲ್ಲ, ಎರಡನೇ ಆಪರೇಷನ್ ಮೊದಲಿನದಕ್ಕಿಂತ ಎಷ್ಟೋ ದೊಡ್ಡದಾಗುತ್ತದೆ. ಆಳದ ಅಥವಾ ದೊಡ್ಡ ಗಂಟಿಗೆ ಮೊದಲು ಎಂಆರ್‌ಐ, ಆಮೇಲೆ ದಪ್ಪ ಸೂಜಿಯ ಬಯಾಪ್ಸಿ, ಕೊನೆಗೆ ಚಾಕು. ಸಣ್ಣ ಗಂಟು ತೆಗೆದರೂ ತುಂಡನ್ನು ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸಲು ಹೇಳಬೇಕು.

ಆಮೇಲೆ ಬ್ಲಾಕ್ ಮತ್ತು ಸ್ಲೈಡ್. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಾದಾಗ ಇವನ್ನು ಲ್ಯಾಬಿನಿಂದ ಕೇಳಿ ಪಡೆಯಬಹುದು. ಬರೀ ರಿಪೋರ್ಟಿನ ಕಾಗದ ಹಿಡಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಮುಂಬೈಯ ಟಾಟಾ ಆಸ್ಪತ್ರೆಗೋ ಹೋದರೆ ಅಲ್ಲಿ ಮೊದಲು ಕೇಳುವುದೇ "ಬ್ಲಾಕ್ ತಂದಿದ್ದೀರಾ?" ಎಂದು. ಗಲ್ಫಿನಲ್ಲಿ ಇರುವಾಗ ಬಯಾಪ್ಸಿ ಮಾಡಿಸಿಕೊಂಡವರು ಊರಿಗೆ ಬರುವ ಮೊದಲು ಇದನ್ನು ಕೇಳಿ ತರುವುದು ಒಳ್ಳೆಯದು. ಇಲ್ಲದಿದ್ದರೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ.

ಮೊದಲು ಹೇಳಿದ ಆ ಹುಡುಗನ ವಿಷಯಕ್ಕೆ ಬಂದರೆ, ರೋಗ ಖಚಿತವಾದ ಮೇಲೆ ಡಾಕ್ಟರ್ ಎರಡು ದಾರಿ ಹೇಳುತ್ತಾರೆ. ಗಂಟನ್ನು ಚಿಕ್ಕ ಆಪರೇಷನ್‌ನಲ್ಲಿ ತೆಗೆಸಿಕೊಳ್ಳುವುದು, ಇಲ್ಲವೇ ಕೆಲವು ತಿಂಗಳು ಅಳತೆ ನೋಡುತ್ತಾ ಕಾಯುವುದು. ತೆಗೆದರೆ ಮತ್ತೆ ಬರುವುದು ತೀರಾ ಅಪರೂಪ. ಹಾಗೇನಾದರೂ ಮತ್ತೆ ಬಂದರೆ ಹೊಸ ಗಂಟನ್ನು ನೋಡುವುದರ ಜೊತೆಗೆ ಹಳೆಯ ಸ್ಲೈಡನ್ನೂ ತೆಗೆದು ಮೊದಲ ರಿಪೋರ್ಟ್ ಸರಿಯಿತ್ತೇ ಎಂದು ಮರುಪರಿಶೀಲಿಸುತ್ತಾರೆ. ಕಾಯುವವರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಅನುಕೂಲ.